ಆಕಾಶದಲ್ಲಿ ಅಪರಾಧ, ನ್ಯಾಯ ಯಾವ ನೆಲದಲ್ಲಿ?

1971ರ ಜನವರಿ 30. ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ಎಂಬ ಪುಟ್ಟ ಫೋಕರ್ ವಿಮಾನ ಜಮ್ಮುವಿನಲ್ಲಿ ಇಳಿಯಲೇ ಇಲ್ಲ. ಇಬ್ಬರು ಯುವಕರು ಪಿಸ್ತೂಲು, ಕೈಬಾಂಬು ತೋರಿಸಿ ಪೈಲಟ್‌ನನ್ನು ಹೆದರಿಸಿ ಅದನ್ನು ಲಾಹೋರಿಗೆ ಒಯ್ದರು. ಪಿಸ್ತೂಲು ಆಟಿಕೆಯದು, ಬಾಂಬು ಮರದ್ದು ಎಂಬುದು ಗೊತ್ತಾದದ್ದು ಆಮೇಲೆ. ಪ್ರಯಾಣಿಕರು ಸುರಕ್ಷಿತವಾಗಿ ಮನೆ ಸೇರಿದರು. ಆದರೆ ವಿಮಾನವನ್ನು ಲಾಹೋರ್ ನಿಲ್ದಾಣದಲ್ಲೇ ಸುಟ್ಟುಹಾಕಲಾಯಿತು.

‘ಅಪಹರಣಕಾರರನ್ನು ನಮಗೆ ಒಪ್ಪಿಸಿ’ ಎಂದು ಭಾರತ ಕೇಳಿತು. ಪಾಕಿಸ್ತಾನ ಒಪ್ಪಿಸಲಿಲ್ಲ. ಸಿಟ್ಟಿಗೆದ್ದ ಭಾರತ ತನ್ನ ಆಕಾಶದಲ್ಲಿ ಪಾಕಿಸ್ತಾನದ ವಿಮಾನಗಳು ಹಾರುವುದನ್ನೇ ನಿಷೇಧಿಸಿತು. ಪಶ್ಚಿಮ ಪಾಕಿಸ್ತಾನದಿಂದ ಢಾಕಾಕ್ಕೆ ಹೋಗುವ ವಿಮಾನಗಳು ಶ್ರೀಲಂಕಾವನ್ನು ಬಳಸಿಕೊಂಡು ಹೋಗಬೇಕಾಯಿತು. ಈ ನಿಷೇಧದ ಜಗಳ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಗಿ, 1972ರಲ್ಲಿ ಅಲ್ಲಿಂದ ಒಂದು ತೀರ್ಪೂ ಬಂತು. ಆದರೆ ಭಾರತದ ಮೂಲ ಬೇಡಿಕೆ ಮಾತ್ರ ಈಡೇರಲಿಲ್ಲ. ಪಾಕಿಸ್ತಾನದಲ್ಲಿ ಮೊದಲು ವೀರರೆನಿಸಿಕೊಂಡ ಆ ಯುವಕರು ಆಮೇಲೆ ಅಲ್ಲಿಯೇ ಬಂಧಿತರಾದರು. ಭಾರತದ ಕೈಗೆ ಮಾತ್ರ ಅವರನ್ನು ಒಪ್ಪಿಸಲಿಲ್ಲ.

ಒಬ್ಬ ಕಳ್ಳ ಧಾರವಾಡದಲ್ಲಿ ಕದ್ದು ಮೈಸೂರಿಗೆ ಓಡಿಹೋದರೆ ಪೊಲೀಸರು ಹೋಗಿ ಹಿಡಿದು ತರುತ್ತಾರೆ. ಅದೇ ಕಳ್ಳ ವಿಮಾನವನ್ನೇ ಕದ್ದು ಪರದೇಶದಲ್ಲಿ ಇಳಿದರೆ ಏನು ಮಾಡಬೇಕು? ಅವನನ್ನು ಹಿಡಿಯುವವರು ಯಾರು, ವಿಚಾರಿಸುವವರು ಯಾರು? ಕಳೆದ ಆರು ದಶಕಗಳಲ್ಲಿ ಜಗತ್ತಿನ ರಾಷ್ಟ್ರಗಳು ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆ ಕಾನೂನು ಓದುವ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಮಕ್ಕಳನ್ನು ದೂರದೇಶಕ್ಕೆ ವಿಮಾನ ಹತ್ತಿಸುವ ಎಲ್ಲ ತಂದೆತಾಯಿಗಳಿಗೂ ತಿಳಿದಿರಬೇಕಾದ ಸಂಗತಿ.

ಆಕಾಶದಲ್ಲಿ ಯಾರ ಕಾನೂನು?

ಒಂದು ಉದಾಹರಣೆ ನೋಡೋಣ. ಜರ್ಮನಿಯ ವಿಮಾನವೊಂದು ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೊರಟಿದೆ. ಒಳಗಿರುವವರಲ್ಲಿ ಹೆಚ್ಚಿನವರು ಭಾರತೀಯರು. ಇರಾನಿನ ಮೇಲೆ ಹಾರುತ್ತಿರುವಾಗ ಮೂರನೆಯ ದೇಶದ ಪ್ರಜೆಯೊಬ್ಬ ಅದನ್ನು ಅಪಹರಿಸಿ, ನಾಲ್ಕನೆಯ ದೇಶದಲ್ಲಿ ಇಳಿಸುತ್ತಾನೆ. ಇಲ್ಲಿ ಮೊಕದ್ದಮೆ ಹೂಡುವ ಅಧಿಕಾರ ಯಾರಿಗೆ? ವಿಮಾನ ಜರ್ಮನಿಯದು, ಜನ ಭಾರತದವರು, ಆಕಾಶ ಇರಾನಿನದು, ಅಪರಾಧಿ ಇನ್ನೊಂದು ದೇಶದವನು, ಈಗ ನಿಂತಿರುವ ನೆಲ ಮತ್ತೊಂದು ದೇಶದ್ದು. ಎಲ್ಲರಿಗೂ ಒಂದಿಷ್ಟು ಹಕ್ಕಿದೆ. ಎಲ್ಲರಿಗೂ ಹಕ್ಕಿರುವಲ್ಲಿ ಯಾರೂ ಹೊಣೆ ಹೊರದೆ ಇರುವ ಅಪಾಯವೂ ಇದೆ.

ಈ ಗೊಂದಲಕ್ಕೆ ಮೊದಲ ಉತ್ತರ ಸಿಕ್ಕಿದ್ದು 1963ರ ಸೆಪ್ಟೆಂಬರ್‌ನಲ್ಲಿ, ಟೋಕಿಯೋದಲ್ಲಿ. ಅಲ್ಲಿ ಆದ ಒಪ್ಪಂದದ ಪ್ರಕಾರ ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶಕ್ಕೆ ಅದರೊಳಗೆ ನಡೆದ ಅಪರಾಧವನ್ನು ವಿಚಾರಿಸುವ ಅಧಿಕಾರವಿದೆ. ವಿಮಾನ ಅಪಹರಣವಾದರೆ ಅದರ ಹತೋಟಿಯನ್ನು ಕ್ಯಾಪ್ಟನ್‌ಗೆ ಮರಳಿ ಕೊಡಿಸಬೇಕು, ಪ್ರಯಾಣಿಕರನ್ನು ಮುಂದಕ್ಕೆ ಕಳುಹಿಸಬೇಕು ಎಂದೂ ಒಪ್ಪಂದ ಹೇಳಿತು. ಆದರೆ ಅಪಹರಣಕಾರನನ್ನು ಏನು ಮಾಡಬೇಕು ಎಂಬ ವಿಷಯದಲ್ಲಿ ಅದು ಬಿಗಿಯಾದ ಮಾತಾಡಲಿಲ್ಲ. ಅವನನ್ನು ಇನ್ನೊಂದು ದೇಶಕ್ಕೆ ಒಪ್ಪಿಸಲೇಬೇಕೆಂಬ ಕಟ್ಟುಪಾಡು ಅದರಲ್ಲಿರಲಿಲ್ಲ. ಈ ಒಪ್ಪಂದ ಜಾರಿಗೆ ಬಂದದ್ದೂ 1969ರ ಡಿಸೆಂಬರ್‌ನಲ್ಲಿ.

ಅಷ್ಟರಲ್ಲಿ ಅಪಹರಣ ಒಂದು ಪಿಡುಗಾಗಿಬಿಟ್ಟಿತ್ತು. 1969 ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 80ಕ್ಕೂ ಹೆಚ್ಚು ಅಪಹರಣ ಹಾಗೂ ಅಪಹರಣದ ಯತ್ನಗಳು ನಡೆದವು. ಅವುಗಳಲ್ಲಿ ಬಹುಪಾಲು ವಿಮಾನಗಳು ಅಮೆರಿಕದಿಂದ ಕ್ಯೂಬಾದತ್ತ ತಿರುಗಿದಂಥವು. ಎರಡೂ ದೇಶಗಳ ನಡುವೆ ಮಾತುಕತೆಯೇ ಇರಲಿಲ್ಲವಾದ್ದರಿಂದ ಹವಾನಾದಲ್ಲಿ ಇಳಿದವನನ್ನು ಅಮೆರಿಕ ಮುಟ್ಟುವಂತಿರಲಿಲ್ಲ. 1973ರಲ್ಲಿ ಶತ್ರುಗಳಾಗಿದ್ದ ಇವೇ ಎರಡು ದೇಶಗಳು ಅಪಹರಣಕಾರರನ್ನು ಒಪ್ಪಿಸುವ ಇಲ್ಲವೇ ಶಿಕ್ಷಿಸುವ ಬಗ್ಗೆ ಒಡಂಬಡಿಕೆಗೆ ಬಂದವು. ಅದೇ ವರ್ಷದಿಂದ ಅಮೆರಿಕದ ನಿಲ್ದಾಣಗಳಲ್ಲಿ ಪ್ರತಿಯೊಬ್ಬ ಪ್ರಯಾಣಿಕನ ತಪಾಸಣೆಯೂ ಕಡ್ಡಾಯವಾಯಿತು. ಅಪಹರಣಗಳು ಥಟ್ಟನೆ ಇಳಿದುಹೋದವು. ಇಳಿದಲ್ಲಿ ಆಶ್ರಯ ಸಿಗುವುದಿಲ್ಲ ಎಂದು ಖಚಿತವಾದರೆ ಹಾರುವ ಹುಮ್ಮಸ್ಸೂ ಕುಗ್ಗುತ್ತದೆ.

ಒಪ್ಪಿಸು, ಇಲ್ಲವೇ ವಿಚಾರಿಸು

ಈ ಕಾನೂನಿನ ತಿರುಳು ಇರುವುದು 1970ರ ಡಿಸೆಂಬರ್ 16ರಂದು ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಆದ ಒಪ್ಪಂದದಲ್ಲಿ. ಅದರ ಸೂತ್ರ ಸರಳ. ಅಪಹರಣಕಾರ ಯಾವ ದೇಶದ ನೆಲದಲ್ಲಿ ಸಿಕ್ಕುತ್ತಾನೋ ಆ ದೇಶ ಅವನನ್ನು ಕೇಳಿದ ದೇಶಕ್ಕೆ ಒಪ್ಪಿಸಬೇಕು. ಒಪ್ಪಿಸದಿದ್ದರೆ, ಅಪರಾಧ ಎಲ್ಲೇ ನಡೆದಿರಲಿ, ಯಾವ ನೆಪವನ್ನೂ ಹೇಳದೆ ತನ್ನ ಅಧಿಕಾರಿಗಳ ಮುಂದೆ ಮೊಕದ್ದಮೆಗಾಗಿ ಇಡಬೇಕು. ಮೂರನೆಯ ದಾರಿ ಇಲ್ಲ. ಕಾನೂನು ಪುಸ್ತಕಗಳಲ್ಲಿ ಇದನ್ನು ‘ಆಟ್ ಡೆಡೆರೆ ಆಟ್ ಜುಡಿಕಾರೆ’ ಎಂಬ ಲ್ಯಾಟಿನ್ ಮಾತಿನಿಂದ ಕರೆಯುತ್ತಾರೆ. ‘ಒಪ್ಪಿಸು ಇಲ್ಲವೇ ವಿಚಾರಿಸು’ ಎಂದೇ ಅದರ ಅರ್ಥ.

ಹೇಗ್ ಒಪ್ಪಂದದ ಇನ್ನೂ ಮೂರು ಅಂಶಗಳು ನೆನಪಿಡತಕ್ಕವು. ಒಂದು, ಪ್ರತಿ ರಾಷ್ಟ್ರವೂ ಅಪಹರಣಕ್ಕೆ ಕಠಿಣ ಶಿಕ್ಷೆ ವಿಧಿಸುವ ಕಾನೂನು ಮಾಡಬೇಕು. ಎರಡು, ರಾಷ್ಟ್ರಗಳ ನಡುವೆ ಈಗಾಗಲೇ ಇರುವ ಹಸ್ತಾಂತರ ಒಪ್ಪಂದಗಳಲ್ಲಿ ಅಪಹರಣವೂ ಸೇರಿದೆಯೆಂದೇ ಭಾವಿಸಬೇಕು. ಮೂರು, ಅಂಥ ಒಪ್ಪಂದವೇ ಇಲ್ಲದಿದ್ದರೆ ಹೇಗ್ ಒಪ್ಪಂದವನ್ನೇ ಆಧಾರವಾಗಿ ಇಟ್ಟುಕೊಂಡು ಆರೋಪಿಯನ್ನು ಒಪ್ಪಿಸಬಹುದು.

‘ಗಂಗಾ’ ಅಪಹರಣವಾದಾಗ ಹೇಗ್ ಒಪ್ಪಂದಕ್ಕೆ ಸಹಿ ಬಿದ್ದು ಆರೇ ವಾರ. ಅದು ಜಾರಿಗೆ ಬಂದದ್ದು 1971ರ ಅಕ್ಟೋಬರ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಇನ್ನೊಂದು ಒಪ್ಪಂದವಾಗಿ, ವಿಮಾನದಲ್ಲಿ ಬಾಂಬಿಡುವುದು, ವಿಮಾನವನ್ನು ನಾಶ ಮಾಡುವುದು ಮುಂತಾದ ವಿಧ್ವಂಸಕ ಕೃತ್ಯಗಳಿಗೂ ಇದೇ ಸೂತ್ರ ಅನ್ವಯವಾಯಿತು.

ಗಡೀಪಾರು ಬೇರೆ, ಹಸ್ತಾಂತರ ಬೇರೆ

ನಮ್ಮ ಪತ್ರಿಕೆಗಳಲ್ಲಿ ‘ಗಡೀಪಾರು’ ಎಂಬ ಒಂದೇ ಪದ ಎರಡು ಬೇರೆ ಬೇರೆ ಕ್ರಮಗಳಿಗೆ ಬಳಕೆಯಾಗುತ್ತದೆ. ವೀಸಾ ಮುಗಿದವನನ್ನೋ ಸುಳ್ಳು ಪಾಸ್‌ಪೋರ್ಟ್‌ನಲ್ಲಿ ಬಂದವನನ್ನೋ ಒಂದು ದೇಶ ತಾನಾಗಿಯೇ ಹೊರಗೆ ಹಾಕುವುದು ಒಂದು. ಇನ್ನೊಂದು ದೇಶ ‘ಇವನು ನಮ್ಮ ಆರೋಪಿ, ವಿಚಾರಣೆಗೆ ಬೇಕು’ ಎಂದು ದಾಖಲೆಗಳೊಡನೆ ಕೇಳಿದಾಗ, ಪರಿಶೀಲಿಸಿ ಒಪ್ಪಿಸುವುದು ಮತ್ತೊಂದು. ಎರಡನೆಯದೇ ಹಸ್ತಾಂತರ. ಭಾರತದಲ್ಲಿ ಅದಕ್ಕೆ 1962ರ ಹಸ್ತಾಂತರ ಕಾಯಿದೆ ಇದೆ.

ಹಸ್ತಾಂತರಕ್ಕೆ ಕೆಲವು ನಿಯಮಗಳುಂಟು. ಆರೋಪಿಸಿದ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು. ಯಾವ ಅಪರಾಧಕ್ಕೆಂದು ಕೇಳಿ ಪಡೆದರೋ ಅದಕ್ಕೇ ವಿಚಾರಣೆ ನಡೆಸಬೇಕು, ಕೈಗೆ ಸಿಕ್ಕನೆಂದು ಹಳೆಯ ಲೆಕ್ಕಗಳನ್ನೆಲ್ಲ ತೆಗೆಯುವಂತಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು. 2005ರಲ್ಲಿ ಅಬು ಸಲೇಂನನ್ನು ಪೋರ್ಚುಗಲ್ ಭಾರತಕ್ಕೆ ಒಪ್ಪಿಸಿದ್ದು ಮರಣದಂಡನೆ ಇಲ್ಲ, 25 ವರ್ಷಕ್ಕಿಂತ ಹೆಚ್ಚಿನ ಸೆರೆಯಿಲ್ಲ ಎಂಬ ಭರವಸೆ ಪಡೆದ ಮೇಲೆ. ಆ ಮಾತಿಗೆ ಸರ್ಕಾರ ಬದ್ಧವಾಗಿರಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಎಲ್ಲಕ್ಕಿಂತ ಹೆಚ್ಚು ತಕರಾರು ಎದ್ದಿರುವುದು ‘ರಾಜಕೀಯ ಅಪರಾಧ’ದ ವಿಷಯದಲ್ಲಿ. ತನ್ನ ದೇಶದ ಸರ್ವಾಧಿಕಾರಿಯ ವಿರುದ್ಧ ಎದ್ದು ಓಡಿಬಂದವನನ್ನು ಮತ್ತೆ ಅದೇ ಸರ್ವಾಧಿಕಾರಿಯ ಕೈಗೆ ಕೊಡಬಾರದು ಎಂಬುದು ಹಳೆಯ, ಒಳ್ಳೆಯ ನಿಯಮ. ಆದರೆ ಒತ್ತೆಯಾಳುಗಳ ಕೊರಳಿಗೆ ಚಾಕು ಹಿಡಿದವನೂ ‘ನನ್ನದು ರಾಜಕೀಯ ಹೋರಾಟ’ ಎಂದರೆ? ಭಾರತ 1993ರಲ್ಲಿ ತನ್ನ ಹಸ್ತಾಂತರ ಕಾಯಿದೆಗೆ ತಿದ್ದುಪಡಿ ತಂದು ವಿಮಾನ ಅಪಹರಣವನ್ನು ರಾಜಕೀಯ ಅಪರಾಧವೆಂದು ಪರಿಗಣಿಸತಕ್ಕದ್ದಲ್ಲ ಎಂದು ಸ್ಪಷ್ಟಪಡಿಸಿತು. 2010ರಲ್ಲಿ ಬೀಜಿಂಗ್‌ನಲ್ಲಿ ಹೇಗ್ ಒಪ್ಪಂದಕ್ಕೆ ಪೂರಕವಾಗಿ ಆದ ಪ್ರೋಟೊಕಾಲ್ ಇದೇ ಮಾತನ್ನು ಜಾಗತಿಕ ನಿಯಮವಾಗಿಸಿತು. ಅದು 2018ರ ಜನವರಿ 1ರಿಂದ ಜಾರಿಯಲ್ಲಿದೆ.

ಸೂತ್ರ ಕೆಲಸ ಮಾಡಿದ ಬಗೆ

1985ರ ಜೂನ್‌ನಲ್ಲಿ ಅಮೆರಿಕದ ಟಿಡಬ್ಲ್ಯುಎ 847 ವಿಮಾನವನ್ನು ಬೈರೂತಿಗೆ ಒಯ್ದ ಅಪಹರಣಕಾರರು ರಾಬರ್ಟ್ ಸ್ಟೆಥೆಮ್ ಎಂಬ ಅಮೆರಿಕದ ನೌಕಾಪಡೆಯ ಯುವಕನನ್ನು ಕೊಂದರು. ಅವರಲ್ಲೊಬ್ಬನಾದ ಮೊಹಮ್ಮದ್ ಅಲಿ ಹಮಾದಿ 1987ರ ಜನವರಿಯಲ್ಲಿ ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಅಮೆರಿಕ ಅವನನ್ನು ಕೇಳಿತು. ಪಶ್ಚಿಮ ಜರ್ಮನಿ ಕೊಡಲಿಲ್ಲ. ಆದರೆ ಸುಮ್ಮನೆ ಬಿಡಲೂ ಇಲ್ಲ. ತನ್ನ ನ್ಯಾಯಾಲಯದಲ್ಲೇ ವಿಚಾರಣೆ ನಡೆಸಿ 1989ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. 2005ರ ಡಿಸೆಂಬರ್‌ನಲ್ಲಿ ಅವನು ಪರೋಲ್ ಮೇಲೆ ಹೊರಬಂದು ಲೆಬನಾನಿಗೆ ಹೋದಾಗ ಅಮೆರಿಕ ಕೆರಳಿತು. ಆದರೂ ಕಾನೂನಿನ ಕಣ್ಣಲ್ಲಿ ಜರ್ಮನಿ ತನ್ನ ಪಾಲಿನ ಕೆಲಸ ಮಾಡಿ ಮುಗಿಸಿತ್ತು.

2014ರ ಫೆಬ್ರುವರಿಯಲ್ಲಿ ಇಥಿಯೋಪಿಯದ ವಿಮಾನವೊಂದನ್ನು ಅದರ ಸಹ ಪೈಲಟ್ಟೇ ಅಪಹರಿಸಿ ಜಿನೀವಾಕ್ಕೆ ತಂದಿಳಿಸಿದ. ಕ್ಯಾಪ್ಟನ್ ಶೌಚಾಲಯಕ್ಕೆ ಹೋದಾಗ ಕಾಕ್‌ಪಿಟ್‌ನ ಬಾಗಿಲು ಹಾಕಿಕೊಂಡಿದ್ದ! ಇಥಿಯೋಪಿಯ ಅವನನ್ನು ಕೇಳಿತು, ಸ್ವಿಟ್ಜರ್ಲೆಂಡ್ ಒಪ್ಪಲಿಲ್ಲ. ಇಥಿಯೋಪಿಯದ ನ್ಯಾಯಾಲಯ ಅವನ ಗೈರುಹಾಜರಿಯಲ್ಲೇ 19 ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಿತು. ಸ್ವಿಸ್ ನ್ಯಾಯಾಂಗವಾದರೋ ಅವನು ಮನೋರೋಗಿ, ಶಿಕ್ಷೆಗೆ ಅರ್ಹನಲ್ಲ ಎಂದು ಕಂಡುಕೊಂಡಿತು. ಒಂದೇ ಕೃತ್ಯಕ್ಕೆ ಎರಡು ನೆಲಗಳಲ್ಲಿ ಎರಡು ಉತ್ತರ. ಕೇಳಿದವರಿಗೆ ಒಪ್ಪಿಸಿದ ಉದಾಹರಣೆಯೂ ಇದೆ. 2016ರ ಮಾರ್ಚ್‌ನಲ್ಲಿ ಸುಳ್ಳು ಬಾಂಬಿನ ಬೆಲ್ಟ್ ಕಟ್ಟಿಕೊಂಡು ಈಜಿಪ್ಟ್‌ನ ವಿಮಾನವನ್ನು ಸೈಪ್ರಸ್‌ಗೆ ಒಯ್ದವನನ್ನು, ಎರಡು ವರ್ಷಗಳ ಕೋರ್ಟು ವ್ಯವಹಾರದ ಬಳಿಕ, 2018ರಲ್ಲಿ ಈಜಿಪ್ಟ್‌ಗೆ ಹಸ್ತಾಂತರಿಸಲಾಯಿತು.

ಭಾರತದ ಕಹಿ ಪಾಠಗಳು

ವಿಚಿತ್ರವೆಂದರೆ, ‘ಗಂಗಾ’ ಪ್ರಕರಣವಾಗಿ ಹತ್ತು ವರ್ಷ ಕಳೆದರೂ ಭಾರತದಲ್ಲಿ ವಿಮಾನ ಅಪಹರಣಕ್ಕೆಂದೇ ಪ್ರತ್ಯೇಕ ಕಾನೂನು ಇರಲಿಲ್ಲ. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಹೋದದ್ದು ಕನ್ನಡಿಗರಿಗೆ ನೆನಪಿದೆ. ಮರುತಿಂಗಳೇ ಅವರನ್ನು ಸದನದಿಂದ ಉಚ್ಚಾಟಿಸಿ ಜೈಲಿಗೆ ಕಳುಹಿಸಿದಾಗ, ಅವರ ಬಿಡುಗಡೆಗೆ ಒತ್ತಾಯಿಸಿ ದೇವೇಂದ್ರ ಪಾಂಡೆ, ಭೋಲಾನಾಥ ಪಾಂಡೆ ಎಂಬಿಬ್ಬರು ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ವಾರಾಣಸಿಗೆ ತಿರುಗಿಸಿದರು. ಅವರ ಆಯುಧ ಆಟಿಕೆ ಪಿಸ್ತೂಲು ಮತ್ತು ಕ್ರಿಕೆಟ್ ಚೆಂಡು. 1980ರಲ್ಲಿ ಇಬ್ಬರೂ ಕಾಂಗ್ರೆಸ್ ಟಿಕೆಟ್ ಪಡೆದು ಉತ್ತರ ಪ್ರದೇಶದ ಶಾಸಕರಾದರು! ‘ರಾಜಕೀಯ ಅಪರಾಧ’ವನ್ನು ಮನ್ನಿಸುವ ಮನಸ್ಸು ಪರದೇಶಗಳಿಗಷ್ಟೇ ಸೀಮಿತವಲ್ಲ.

1981ರ ಸೆಪ್ಟೆಂಬರ್‌ನಲ್ಲಿ ಮತ್ತೊಂದು ವಿಮಾನ ಲಾಹೋರಿಗೆ ಹೋಯಿತು. ಈ ಬಾರಿ ಪಾಕಿಸ್ತಾನದ ಕಮಾಂಡೋಗಳೇ ಐವರು ಅಪಹರಣಕಾರರನ್ನು ಸೆರೆಹಿಡಿದರು. ಪಾಕಿಸ್ತಾನ ಅವರನ್ನು ಒಪ್ಪಿಸಲಿಲ್ಲ. ಆದರೆ ಅಲ್ಲಿನ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆ ಮುಗಿಸಿ ಭಾರತಕ್ಕೆ ಬಂದ ಇಬ್ಬರ ಮೇಲೆ ಇಲ್ಲಿ ಮತ್ತೆ ಮೊಕದ್ದಮೆ ನಡೆಯಿತು. ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷೆಯಿಲ್ಲ ಎನ್ನುತ್ತದೆ ನಮ್ಮ ಸಂವಿಧಾನದ 20ನೇ ವಿಧಿ. ಆದ್ದರಿಂದ ಈ ಬಾರಿ ಹೊರಿಸಿದ್ದು ದೇಶದ ವಿರುದ್ಧ ಸಮರ ಸಾರಿದ ಆರೋಪ. 2018ರಲ್ಲಿ ದೆಹಲಿಯ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು.

1982ರಲ್ಲಿ ಸಂಸತ್ತು ಅಪಹರಣ ವಿರೋಧಿ ಕಾಯಿದೆಯನ್ನು ಅಂಗೀಕರಿಸಿತು. ಜೀವಾವಧಿ ಸೆರೆಯೇ ಅದರ ಶಿಕ್ಷೆ. ಎರಡೇ ವರ್ಷಗಳಲ್ಲಿ ಅದಕ್ಕೆ ಪರೀಕ್ಷೆ ಎದುರಾಯಿತು. 1984ರ ಆಗಸ್ಟ್‌ನಲ್ಲಿ ಅಪಹೃತವಾದ ವಿಮಾನ ಲಾಹೋರ್, ಕರಾಚಿ ಸುತ್ತಿ ದುಬೈನಲ್ಲಿ ನಿಂತಿತು. ಅಲ್ಲಿ ಶರಣಾದ ಏಳು ಮಂದಿಯನ್ನು ಸಂಯುಕ್ತ ಅರಬ್ ಸಂಸ್ಥಾನ ಕೆಲವೇ ದಿನಗಳಲ್ಲಿ ಭಾರತಕ್ಕೆ ಒಪ್ಪಿಸಿತು. ಆಗ ಎರಡು ದೇಶಗಳ ನಡುವೆ ಹಸ್ತಾಂತರ ಒಪ್ಪಂದವೇ ಇರಲಿಲ್ಲ. ಅದಕ್ಕೆ ಸಹಿ ಬಿದ್ದದ್ದು 1999ರಲ್ಲಿ. ಮನಸ್ಸಿದ್ದರೆ ಮಾರ್ಗ ಎಂಬ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮನಸ್ಸಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಂದಹಾರ್ ಸಾಕ್ಷಿ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ಹೊರಟ ಐಸಿ 814 ಅಮೃತಸರ, ಲಾಹೋರ್, ದುಬೈ ದಾಟಿ ಕಂದಹಾರ್ ಸೇರಿತು. ಆಗ ತಾಲಿಬಾನ್ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿದ್ದದ್ದು ಪಾಕಿಸ್ತಾನ, ಸೌದಿ ಅರೇಬಿಯ, ಸಂಯುಕ್ತ ಅರಬ್ ಸಂಸ್ಥಾನ ಈ ಮೂರೇ ದೇಶಗಳು. ರೂಪಿನ್ ಕತ್ಯಾಲ್ ಎಂಬ ನವವಿವಾಹಿತ ಪ್ರಯಾಣಿಕನನ್ನು ಇರಿದು ಕೊಂದರು. ಡಿಸೆಂಬರ್ 31ರಂದು ಮಸೂದ್ ಅಜರ್ ಸೇರಿ ಮೂವರು ಉಗ್ರರನ್ನು ಬಿಡುಗಡೆ ಮಾಡಿ ಉಳಿದವರನ್ನು ಕರೆತರಬೇಕಾಯಿತು. ಒಳಸಂಚಿಗೆ ನೆರವಾದವರ ವಿಚಾರಣೆ ಭಾರತದಲ್ಲಿ ನಡೆಯಿತು. ವಿಮಾನದೊಳಗಿದ್ದ ಐವರಲ್ಲಿ ಒಬ್ಬನೂ ಭಾರತದ ಕಟಕಟೆಯಲ್ಲಿ ನಿಲ್ಲಲಿಲ್ಲ. ಅಪಹರಣವನ್ನು ರಾಜಕೀಯ ಅಪರಾಧವೆನ್ನಕೂಡದೆಂಬ ಸಾರ್ಕ್ ಒಪ್ಪಂದ 1987ರಲ್ಲೇ ಆಗಿತ್ತು, ಅದೂ ಕಠ್ಮಂಡುವಿನಲ್ಲಿಯೇ.

ತಡವಾಗಿ ಸಿಕ್ಕ ನ್ಯಾಯಕ್ಕೂ ಒಂದು ಉದಾಹರಣೆ ಇದೆ. 1986ರ ಸೆಪ್ಟೆಂಬರ್ 5ರಂದು ಮುಂಬಯಿಯಿಂದ ಹೋಗಿ ಕರಾಚಿಯಲ್ಲಿ ನಿಂತಿದ್ದ ಪ್ಯಾನ್ ಆಮ್ 73 ವಿಮಾನಕ್ಕೆ ಭದ್ರತಾ ಸಿಬ್ಬಂದಿಯ ವೇಷದಲ್ಲಿ ಬಂದವರು ನುಗ್ಗಿದರು. ಪ್ರಯಾಣಿಕರನ್ನು ಉಳಿಸಲು ಹೋಗಿ ನೀರಜಾ ಭನೋಟ್ ಪ್ರಾಣ ತೆತ್ತದ್ದು ಅಲ್ಲಿಯೇ. ಪಾಕಿಸ್ತಾನದಲ್ಲಿ ಶಿಕ್ಷೆಯಾಗಿ 2001ರಲ್ಲಿ ಹೊರಬಂದ ಗುಂಪಿನ ನಾಯಕ ಸಫಾರಿನಿಯನ್ನು ಅಮೆರಿಕ ದಾರಿಯಲ್ಲೇ ಹಿಡಿಯಿತು. ಸತ್ತವರಲ್ಲಿ ಅಮೆರಿಕದವರೂ ಇದ್ದರು. ಒಂದು ದೇಶದ ತೀರ್ಪು ಇನ್ನೊಂದರ ಕೈ ಕಟ್ಟುವುದಿಲ್ಲ ಎಂಬುದು ಆ ದೇಶದ ನಿಲುವು. 2004ರಲ್ಲಿ ಅವನಿಗೆ ವಿಧಿಸಿದ ಸೆರೆವಾಸ 160 ವರ್ಷ.

ಇಂದಿನ ಕಾನೂನು

ಹೇಗ್ ಒಪ್ಪಂದದಲ್ಲಿ ಒಂದು ಕೊರತೆಯಿತ್ತು. ವಿಮಾನದ ಬಾಗಿಲು ಮುಚ್ಚಿದಾಗಿನಿಂದ ಇಳಿಯಲು ತೆರೆಯುವವರೆಗಿನ ಅವಧಿಯನ್ನು ಮಾತ್ರ ಅದು ‘ಹಾರಾಟ’ ಎಂದು ಎಣಿಸುತ್ತಿತ್ತು. ಕರಾಚಿಯಲ್ಲಿ ಆದಂತೆ ಪ್ರಯಾಣಿಕರು ಇನ್ನೂ ಹತ್ತುತ್ತಿರುವಾಗಲೇ ನುಗ್ಗಿದರೆ? ಭಾರತದ 2016ರ ಹೊಸ ಕಾಯಿದೆ ಈ ತೂತನ್ನು ಮುಚ್ಚಿದೆ. 2017ರ ಜುಲೈನಲ್ಲಿ ಜಾರಿಗೆ ಬಂದ ಅದರ ಪ್ರಕಾರ ಹಾರಾಟಕ್ಕೆ ನೆಲದ ಮೇಲಿನ ಸಿದ್ಧತೆ ಆರಂಭವಾದ ಕ್ಷಣದಿಂದ ಇಳಿದ ಮೇಲೆ 24 ಗಂಟೆಗಳವರೆಗೂ ವಿಮಾನ ‘ಸೇವೆಯಲ್ಲಿದೆ’. ಬಲಪ್ರಯೋಗದಿಂದಷ್ಟೇ ಅಲ್ಲ, ಬೆದರಿಕೆಯಿಂದ ಅಥವಾ ತಾಂತ್ರಿಕ ಸಾಧನದಿಂದ ಹತೋಟಿ ಪಡೆದರೂ ಅದು ಅಪಹರಣವೇ. ಒಳಗೆ ಕಾಲಿಡದೆ ಹೊರಗಿನಿಂದ ಸಂಚು ರೂಪಿಸಿದವನೂ ಅಪರಾಧಿಯೇ. ವಿಮಾನ ಯಾವ ದೇಶದ್ದೇ ಆಗಿರಲಿ, ಅಪಹರಣ ಭಾರತೀಯ ಪ್ರಜೆಗೆ ವಿರುದ್ಧವಾಗಿ ನಡೆದಿದ್ದರೆ ನಮ್ಮ ನ್ಯಾಯಾಲಯಕ್ಕೆ ಅಧಿಕಾರವಿದೆ.

ಒತ್ತೆಯಾಳು ಅಥವಾ ಭದ್ರತಾ ಸಿಬ್ಬಂದಿ ಸತ್ತರೆ ಮರಣದಂಡನೆ, ಉಳಿದಂತೆ ಬದುಕಿರುವವರೆಗೂ ಸೆರೆವಾಸ. ಇಲ್ಲೊಂದು ತೊಡಕಿದೆ. ಮರಣದಂಡನೆ ರದ್ದು ಮಾಡಿರುವ ದೇಶಗಳು ನೇಣಿಗೆ ಹೋಗಬಹುದಾದವನನ್ನು ಒಪ್ಪಿಸಲು ಹಿಂಜರಿಯುತ್ತವೆ. ಅದಕ್ಕೆಂದೇ ಹಸ್ತಾಂತರ ಕಾಯಿದೆಯ 34ಸಿ ಕಲಮು ಅಂಥ ದೇಶದಿಂದ ಬಂದವನಿಗೆ ಮರಣದಂಡನೆಯ ಬದಲು ಜೀವಾವಧಿ ಶಿಕ್ಷೆ ಎಂದು ಹೇಳುತ್ತದೆ. ಶಿಕ್ಷೆ ಕಠಿಣವಾದಷ್ಟೂ ಆರೋಪಿ ಕೈಗೆ ಸಿಗುವುದು ಕಷ್ಟ ಎಂಬ ಸತ್ಯವನ್ನು ನಮ್ಮ ಕಾನೂನೇ ಒಪ್ಪಿಕೊಂಡಂತಾಯಿತು.

ಹೊಸ ಕಾಯಿದೆಯಲ್ಲಿ ಮೊದಲು ಶಿಕ್ಷೆಯಾದದ್ದು ಒಂದು ಚೀಟಿಗಾಗಿ. 2017ರ ಅಕ್ಟೋಬರ್‌ನಲ್ಲಿ ಮುಂಬಯಿಯಿಂದ ದೆಹಲಿಗೆ ಹೊರಟ ವಿಮಾನದ ಶೌಚಾಲಯದಲ್ಲಿ ಬೆದರಿಕೆಯ ಚೀಟಿ ಸಿಕ್ಕಿ, ವಿಮಾನ ಅಹಮದಾಬಾದಿನಲ್ಲಿ ಇಳಿಯಿತು. ಚೀಟಿ ಇಟ್ಟನೆಂಬ ಆರೋಪದ ಮೇಲೆ ಪ್ರಯಾಣಿಕನೊಬ್ಬನಿಗೆ 2019ರಲ್ಲಿ ವಿಶೇಷ ನ್ಯಾಯಾಲಯ ಜೀವಾವಧಿ ಸೆರೆ, 5 ಕೋಟಿ ರೂಪಾಯಿ ದಂಡ ವಿಧಿಸಿತು. ಸಾಕ್ಷ್ಯ ಸಾಲದೆಂದು 2023ರಲ್ಲಿ ಗುಜರಾತ್ ಹೈಕೋರ್ಟ್ ಅವನನ್ನು ಖುಲಾಸೆ ಮಾಡಿತು. ಕಾನೂನು ಎಷ್ಟೇ ಬಿಗಿಯಾಗಿದ್ದರೂ ಆರೋಪ ರುಜುವಾತಾಗಲೇಬೇಕು.

ಅದರೆ ಖುಲಾಸೆಯಾಗುವ ಮೊದಲು ಆ ಪ್ರಯಾಣಿಕ ಜೈಲು ಕಂಡದ್ದು ನಿಜ. ಹುಡುಗಾಟಕ್ಕೆ ‘ಬಾಂಬಿದೆ’, ‘ವಿಮಾನ ತಿರುಗಿಸುತ್ತೇವೆ’ ಎಂದು ಬರೆಯುವ ಮಕ್ಕಳಿಗೆ ಹೆತ್ತವರು ಇದನ್ನು ತಿಳಿಹೇಳುವುದು ಲೇಸು. 2024ರ ಅಕ್ಟೋಬರ್‌ನಲ್ಲಿ ವಿಮಾನಗಳಿಗೆ ಸಾಮಾಜಿಕ ಜಾಲತಾಣಗಳ ಮೂಲಕ ಸಾಲುಸಾಲಾಗಿ ಹುಸಿ ಬೆದರಿಕೆ ಬಂದಾಗ ಪೊಲೀಸರ ವಶವಾದವರಲ್ಲಿ ಹದಿಹರೆಯದ ಹುಡುಗನೂ ಇದ್ದ. ತಮಾಷೆಗೆಂದೆ ಎನ್ನುವ ಮಾತು ಅಲ್ಲಿ ನೆರವಿಗೆ ಬರುವುದಿಲ್ಲ.

ಮುಂದೆ ಎಂದಾದರೂ ಅಪಹರಣದ ಸುದ್ದಿ ಓದಿದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ವಿಮಾನ ಯಾವ ದೇಶದ್ದು? ಅದು ಇಳಿದದ್ದು ಎಲ್ಲಿ? ಇಳಿದ ದೇಶ ಆರೋಪಿಯನ್ನು ಒಪ್ಪಿಸುತ್ತಿದೆಯೇ, ಇಲ್ಲವೇ ತಾನೇ ವಿಚಾರಿಸುತ್ತಿದೆಯೇ? ಮೊದಲೆರಡಕ್ಕೆ ಕಾನೂನು ಪುಸ್ತಕದಲ್ಲಿ ಉತ್ತರವಿದೆ. ಮೂರನೆಯದನ್ನು ನಿರ್ಧರಿಸುವುದು ಆ ದೇಶದ ಆತ್ಮಸಾಕ್ಷಿ ಮತ್ತು ಅದರ ಮೇಲೆ ಜಗತ್ತು ಹಾಕುವ ಒತ್ತಡ. ದುಬೈಗೂ ಕಂದಹಾರ್‌ಗೂ ಇದ್ದ ಅಂತರ ಅಷ್ಟೇ.